ಒಂದು ಪೂರ್ತಿ ಬಿಸ್ಮಿಲ್ಲಾದಷ್ಟು ಹೊತ್ತು

ನನ್ನ ಹತ್ತಿರ ಒಂದು ಕ್ಯಾಮೆರಾ ಇದೆ ಎಂದು ಹೇಳಲು ನನಗೆ ಯಾವತ್ತೂ ಸಂಕೋಚವೇ. ಕೊಡೆ ಇದೆ, ಕೈಗಡಿಯಾರ ಇದೆ ಎನ್ನುವಷ್ಟು ಸಲೀಸಾಗಿ ಹೇಳಿಕೊಳ್ಳುವ ವಸ್ತು ಅದಲ್ಲ. ಮೂರು ಕಾಲಿನ ಮೇಲೆ ನಿಲ್ಲಿಸಿದರೆ ನನ್ನ ಗದ್ದದ ಮಟ್ಟಕ್ಕೆ ಬರುತ್ತದೆ. ಮೇಲೆ ಕರಿಬಟ್ಟೆ ಹೊದಿಸಿ ಜಗಲಿಯ ಮೂಲೆಯಲ್ಲಿಟ್ಟರೆ, ಹೊಸದಾಗಿ ಬಂದವರು ಮನೆಯ ಹಿರಿಯರು ಯಾರೋ ಜಪದಲ್ಲಿದ್ದಾರೆಂದು ದನಿ ತಗ್ಗಿಸಿ ಮಾತಾಡುತ್ತಾರೆ. ನಾವು ಅದರ ಸುತ್ತ ಗುಡಿಸಿಕೊಂಡು, ಅದಕ್ಕೆ ತಾಗದಂತೆ ನಡೆದುಕೊಂಡು ಹದಿನೈದು ವರ್ಷ ಕಳೆದಿದ್ದೇವೆ. ಮನೆ ನಮ್ಮದೋ ಅದರದೋ ಎಂಬ ಪ್ರಶ್ನೆಯನ್ನು ನನ್ನ ಹೆಂಡತಿ ಆಗಾಗ ಎತ್ತುತ್ತಾಳೆ. 

ಇನ್ನೊಂದು ಸಂಗತಿಯನ್ನೂ ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಅದರಲ್ಲಿ ಇಷ್ಟು ವರ್ಷಗಳಲ್ಲಿ ನಾನು ತೆಗೆದ ಒಳ್ಳೆಯ ಫೋಟೋ ಒಂದೇ ಒಂದು. ಅದರಲ್ಲಾದರೂ ನಿನ್ನ ಪಾಲೆಷ್ಟು ಎಂದು ನೀವು ಕೇಳಿದರೆ, ಮುಚ್ಚಳ ತೆಗೆದು ಮತ್ತೆ ಮುಚ್ಚಿದ್ದು ನಾನು. ಉಳಿದದ್ದನ್ನೆಲ್ಲ ಮಾಡಿದವರು ಭಟ್ಕಳದ ಒಬ್ಬ ಮುದುಕರು, ಕಾಗಾಲದ ಒಬ್ಬ ಅಜ್ಜಿ ಮತ್ತು ಆ ಅಜ್ಜಿಯ ಮಗಳು. ಮೂವರಿಗೂ ನಾನು ಸರಿಯಾಗಿ ಕೃತಜ್ಞತೆ ಹೇಳಲಿಲ್ಲ. ಎದುರಿಗಿದ್ದಾಗ ನಾಚಿಕೆಯಾಯಿತು, ಆಮೇಲೆ ತಡವಾಯಿತು.

ಕುಮಟೆಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಸ್ತರ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಒಮ್ಮೆ ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ಭಟ್ಕಳಕ್ಕೆ ಹಾಕಿದರು. ಮೇಲ್ವಿಚಾರಣೆ ಎಂದರೆ ಮೂರು ತಾಸು ಯಾರೂ ಏನನ್ನೂ ಮಾಡದಂತೆ ನೋಡುತ್ತ, ತಾನೂ ಏನನ್ನೂ ಮಾಡದೆ ಇರುವುದು. ಆ ಶಾಲೆಯ ಗೋಡೆಯ ಮೇಲೆ ಹಳೆಯ ಗ್ರೂಪ್ ಫೋಟೋಗಳ ಸಾಲಿತ್ತು. ಕಾಪಿ ಹೊಡೆಯುವವರನ್ನು ಬಿಟ್ಟು ನಾನು ಅವನ್ನೇ ನೋಡತೊಡಗಿದೆ. ನಾಲ್ಕು ಸಾಲು ಮಕ್ಕಳು, ನಡುವೆ ಕುರ್ಚಿಯ ಮೇಲೆ ಮಾಸ್ತರರು. ಎಲ್ಲ ಶಾಲೆಗಳಲ್ಲೂ ಇರುವಂಥದ್ದೇ. ಆದರೆ ಹತ್ತಿರ ಹೋದಷ್ಟೂ ಅದು ಬಿಚ್ಚಿಕೊಳ್ಳುತ್ತಿತ್ತು. ಹಿಂದಿನ ಸಾಲಿನ ಒಬ್ಬನ ಅಂಗಿಯ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು ಕಾಣುತ್ತಿತ್ತು. ಇದನ್ನು ತೆಗೆದವರು ಯಾರು ಎಂದು ಕೇಳಿದೆ. ಶಾಲೆಯ ಜವಾನ ಸಂಜೆ ನನ್ನನ್ನು ಗಫೂರ್ ಸಾಹೇಬರ ಮನೆಗೆ ಕರೆದುಕೊಂಡು ಹೋದ. ಹೊಗಳಿ ಬರೋಣವೆಂದು ಹೋದವನು ಕೊಂಡು ಬಂದೆ.

ಗಫೂರ್ ಸಾಹೇಬರು ಎತ್ತರದ, ಬೆಳ್ಳಗಿನ ಗಡ್ಡದ, ನಿಧಾನ ಮಾತಿನ ನವಾಯತ ಮುಸಲ್ಮಾನ ಮುದುಕರು. ಹರೆಯದಲ್ಲಿ ಮದರಾಸಿನ ಯಾವುದೋ ಸ್ಟುಡಿಯೋದಲ್ಲಿ ಕೆಲಸ ಕಲಿತು ಊರಿಗೆ ಬಂದವರು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಗೋಡೆಗೆ ಬಣ್ಣದ ಪರದೆ, ಅದರಲ್ಲಿ ಒಂದು ಕೊಳ, ಎರಡು ಹಂಸ, ಎಲ್ಲಿಗೂ ಹೋಗದ ಒಂದು ಮೆಟ್ಟಿಲ ಸಾಲು. ಆಗ ಭಟ್ಕಳದ ಹರೆಯದವರೆಲ್ಲ ದುಬೈಗೆ ಹೊರಟ ಕಾಲ. ಎಲ್ಲರಿಗೂ ಪಾಸ್‌ಪೋರ್ಟಿಗೆ ಅಂಗೈಯಲ್ಲಿ ಅಡಗುವ ಫೋಟೋ ಬೇಕು, ಅದೂ ಬೆಳಿಗ್ಗೆ ತೆಗೆದು ಸಂಜೆಗೆ. ಆ ಕೆಲಸವನ್ನು ಅವರ ಅಳಿಯ ಸಣ್ಣ ಕ್ಯಾಮೆರಾದಲ್ಲಿ ಮಾಡುತ್ತಿದ್ದ. ದೊಡ್ಡದು ಮೂಲೆ ಸೇರಿತ್ತು. ಸಾಹೇಬರ ಒಂದು ಕಣ್ಣಿಗೆ ಪೊರೆ ಪೂರ್ತಿ ಬಂದಿತ್ತು, ಇನ್ನೊಂದಕ್ಕೆ ಬರುತ್ತಿತ್ತು.

"ಮೂರು ಮಂದಿ ಕೇಳಿ ಹೋದ್ರು ಮಾಸ್ತರೇ," ಎಂದರು ಅವರು, ಚಹಾ ಮುಂದಿಡುತ್ತ. "ಒಬ್ಬರಿಗೆ ಹೋಟೆಲಿನ ಕಪಾಟಿನಲ್ಲಿ ಇಡುದಕ್ಕಂತೆ. ಕೊಡುದಿಲ್ಲ ಅಂದೆ. ಕೆಲಸ ಮಾಡುವ ಜೀವ ಇದು, ಗೊಂಬೆ ಅಲ್ಲ."

ನಾನು ಕೊಳ್ಳಲು ಬಂದವನಲ್ಲ ಎಂದು ಹೇಳಬೇಕೆನ್ನುವಷ್ಟರಲ್ಲಿ ಅವರು ನನ್ನನ್ನು ಎಬ್ಬಿಸಿ, ಕರಿಬಟ್ಟೆಯೊಳಗೆ ತಲೆ ತೂರಿಸಿ, ತಾವು ಪರದೆಯ ಮುಂದೆ ಹೋಗಿ ಕೂತರು. ಹಿಂದಿನ ಮಬ್ಬು ಗಾಜಿನ ಮೇಲೆ ಇಡೀ ಕೋಣೆ ಬಣ್ಣದಲ್ಲಿ ಹೊಳೆಯುತ್ತಿತ್ತು, ತಲೆಕೆಳಗಾಗಿ. ಹಂಸಗಳು ಮೇಲೆ, ಸಾಹೇಬರು ಸೂರಿನಿಂದ ಇಳಿಬಿದ್ದ ಹಾಗೆ.

"ಎಂತ ಕಾಣ್ತದೆ?"

"ನೀವು, ತಲೆಕೆಳಗೆ."

"ಅದು ಎಲ್ಲರಿಗೂ ಕಾಣ್ತದೆ. ಮತ್ತೆ?"

ನಾನು ಇಪ್ಪತ್ತು ನಿಮಿಷ ಪರೀಕ್ಷಿಸಿದ ಉತ್ತರಪತ್ರಿಕೆಯಲ್ಲೂ ಇಪ್ಪತ್ತೊಂದನೆಯ ನಿಮಿಷಕ್ಕೆ ಕಾಗುಣಿತದ ತಪ್ಪು ಹುಡುಕುವ ಜಾತಿಯವನು. "ನಿಮ್ಮ ಟೊಪ್ಪಿಯ ಅಂಚಿನಲ್ಲಿ ಒಂದು ದಾರ ಬಿಚ್ಚಿದೆ" ಎಂದೆ.

ಅವರು ಟೊಪ್ಪಿ ತೆಗೆದು, ಇನ್ನೂ ಪೂರ್ತಿ ಕೆಡದ ಕಣ್ಣಿನ ಹತ್ತಿರ ತಂದು ನೋಡಿ, ಗಟ್ಟಿಯಾಗಿ ನಕ್ಕರು. "ಆತು. ತಕೊಂಡು ಹೋಗಿ."

ನನ್ನ ಜೀವನದಲ್ಲಿ ಹುಳುಕು ಹುಡುಕಿದ್ದಕ್ಕೆ ಬಹುಮಾನ ಸಿಕ್ಕಿದ್ದು ಅದೊಂದೇ ಸಲ. ಬೆಲೆಗೆ ನಾನು ಚೌಕಾಸಿ ಮಾಡಲಿಲ್ಲ. ಅವರೇ ಮಾಡಿದರು, ನಾನು ಹೇಳಿದ್ದು ಜಾಸ್ತಿಯಾಯಿತೆಂದು ಇಳಿಸಿದರು. ಜೊತೆಗೆ ಫಿಲ್ಮಿನ ಒಂದು ಡಬ್ಬಿ ಕೊಟ್ಟರು. ಈ ಕ್ಯಾಮೆರಾಕ್ಕೆ ಸುರುಳಿ ಫಿಲ್ಮು ನಡೆಯುವುದಿಲ್ಲ, ಅಂಗೈಗಿಂತ ದೊಡ್ಡ ಬಿಡಿ ಹಾಳೆಗಳೇ ಬೇಕು. ಒಂದು ಫೋಟೋಕ್ಕೆ ಒಂದು ಹಾಳೆ. ಡಬ್ಬಿಯಲ್ಲಿ ಹನ್ನೆರಡಿದ್ದವು. ಈ ಅಳತೆಯದು ಹುಬ್ಬಳ್ಳಿಯಲ್ಲೂ ಬರುವುದು ನಿಂತಿದೆ ಎಂದರು. ಕೊನೆಗೆ ಒಂದು ಷರತ್ತು ಹಾಕಿದರು.

"ಒಂದು ಫೋಟೋ ನನಗೆ ತಂದು ತೋರಿಸ್ಬೇಕು. ಮೊದಲು ಬಂದದ್ದಲ್ಲ. ಮೊದಲು ಸರಿ ಬಂದದ್ದು. ನನ್ನ ಈ ಕಣ್ಣು ಹೋಗುದರ ಒಳಗೆ."

ಇನ್ನು ಮುಖ್ಯ ಪಾಠ. ಆ ಕ್ಯಾಮೆರಾಕ್ಕೆ ಒತ್ತುವ ಗುಂಡಿ ಇಲ್ಲ. ಹಿತ್ತಾಳೆಯ ಮಸೂರ, ಅದಕ್ಕೊಂದು ಮುಚ್ಚಳ. ಮುಚ್ಚಳ ತೆಗೆದರೆ ಬೆಳಕು ಒಳಗೆ ಹೋಗುತ್ತದೆ, ಮುಚ್ಚಿದರೆ ನಿಲ್ಲುತ್ತದೆ, ಅಷ್ಟೆ. ಎಷ್ಟು ಹೊತ್ತು ತೆಗೆದಿಡಬೇಕು ಎಂದು ಕೇಳಿದೆ. ಸಾಹೇಬರು, "ಬಯಲಿನ ಬಿಸಿಲಿಗೆ 'ಬಿಸ್ಮಿಲ್ಲಾ' ಅಂದು ಮುಚ್ಚಿ. ಜಗಲಿ ನೆರಳಿಗೆ ಒಂದು ಪೂರ್ತಿ, 'ಬಿಸ್ಮಿಲ್ಲಾ ಹಿರ್ರಹ್ಮಾನಿರ್ರಹೀಮ್'. ಮಳೆಗಾಲದ ಮೋಡಕ್ಕೆ ಎರಡು ಸಲ" ಎಂದರು. ನಲವತ್ತು ವರ್ಷ ಅವರ ಗಡಿಯಾರ ಅದೇ ಆಗಿತ್ತು. ನನ್ನ ಕೈಗಡಿಯಾರದಲ್ಲಿ ಸೆಕೆಂಡಿನ ಮುಳ್ಳಿದೆ ಎಂದು ನಾನು ಹೆಮ್ಮೆಯಿಂದ ತೋರಿಸಿದೆ. ಅವರು ಅದರ ಕಡೆ ತಿರುಗದೆ ಕರಿಬಟ್ಟೆಯನ್ನು ಮಡಚತೊಡಗಿದರು.

ಮಾರನೆಯ ದಿನ ಬಸ್ಸಿನಲ್ಲಿ ಹೊರಟೆ. ಆಗಿನ್ನೂ ಶರಾವತಿಗೆ ಸೇತುವೆ ಆಗಿರಲಿಲ್ಲ. ಭಟ್ಕಳದಿಂದ ಬಂದವರು ಕಾಸರಕೋಡಿನಲ್ಲಿ ಇಳಿದು, ಲಾಂಚಿನಲ್ಲಿ ಹೊಳೆ ದಾಟಿ ಹೊನ್ನಾವರ ಸೇರಬೇಕು. ಸೇತುವೆ ಬರುತ್ತದೆ ಬರುತ್ತದೆ ಎಂದು ಎರಡೂ ದಡದವರು ಕಾಯುತ್ತಿದ್ದ ಕಾಲ. ಅಂಥ ಕಾಲದಲ್ಲಿ ನಾನು ಹಿತ್ತಾಳೆಯ ಬಾಯಿರುವ ಒಂದು ಪೆಟ್ಟಿಗೆ, ಮೂರು ಉದ್ದನೆಯ ಮರದ ಕಾಲುಗಳನ್ನು ಹೊತ್ತು ಲಾಂಚು ನಿಲ್ಲುವ ದಕ್ಕೆಗೆ ಇಳಿದೆ. ಮುಂದೆ ಆದದ್ದನ್ನು ನೀವು ಊಹಿಸಬಹುದು.

ಎಲ್ಲರೂ ದಾರಿ ಬಿಟ್ಟರು. ಲಾಂಚಿನಲ್ಲಿ ನೆರಳಿನ ಜಾಗ ಖಾಲಿಯಾಯಿತು. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಬುಟ್ಟಿಯನ್ನು ನನ್ನಿಂದ ದೂರ ಸರಿಸಿ, "ಸರ್ವೇಕ್ಕೆ ಬಂದದ್ದಾ ಸಾಹೇಬ್ರೇ?" ಎಂದಳು. ಅಲ್ಲ, ಇದು ಫೋಟೋ ತೆಗೆಯುವುದು ಎಂದೆ. "ಹೌದು ಹೌದು, ಮೊದ್ಲು ಫೋಟ ತೆಗೀತಾರೆ, ಮತ್ತೆ ಕಂಬ ಹಾಕ್ತಾರೆ" ಎಂದು ಪಕ್ಕದ ಮುದುಕ ಎಲ್ಲರಿಗೂ ವಿವರಿಸಿದ. ಆಮೇಲೆ ನನ್ನ ಮಾತಿಗೆ ಬೆಲೆಯೇ ಇರಲಿಲ್ಲ. ನೀರಿನ ಸೆಳೆತ ಎಲ್ಲಿ ಜೋರು, ಮರಳು ಎಲ್ಲಿ ಕೂರುತ್ತದೆ, ಕಂಬ ಎಲ್ಲಿ ಹಾಕಿದರೆ ನಿಲ್ಲುತ್ತದೆ, ಎಲ್ಲವನ್ನೂ ಹೇಳಿದರು. ಒಬ್ಬಾತ ತನ್ನ ಏಳು ತೆಂಗಿನ ಮರಗಳನ್ನು ಉಳಿಸಿ ರಸ್ತೆ ತಿರುಗಿಸಬೇಕೆಂದು ಕೈ ಮುಗಿದ. ಲಾಂಚು ದಡ ಮುಟ್ಟುವ ಹೊತ್ತಿಗೆ ನಾನು ಸೋತು, ಆಗಲಿ ನೋಡೋಣ ಎಂದುಬಿಟ್ಟೆ. ಈಗ ಸೇತುವೆಯಾಗಿದೆ. ಅದರ ಮೇಲೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನಾನು ಆ ತೆಂಗಿನ ಮರಗಳಿಗಾಗಿ ಕಿಟಕಿಯಿಂದ ಇಣುಕುತ್ತೇನೆ.

ಮನೆಯಲ್ಲಿ ಹೆಂಡತಿ, "ಎಂತ ತಂದ್ರಿ ಇದು?" ಎಂದಳು. ತೋರಿಸುವುದೇ ಮೇಲೆಂದು ನಾನು ಮುಂದೆ ನಿಂತು ಅವಳನ್ನು ಕರಿಬಟ್ಟೆಯೊಳಗೆ ಕಳಿಸಿದೆ.  ಒಳಗಿನಿಂದ, "ಮದುವೆ ಆಗಿ ಇಷ್ಟು ವರ್ಷಕ್ಕೆ ನೀವು ಸರಿಯಾಗಿ ಕಂಡ್ರಿ" ಎಂಬ ಮಾತು ಕೇಳಿತು. ಗಾಜಿನಲ್ಲಿ ನಾನು ತಲೆಕೆಳಗಾಗಿ ನಿಂತಿದ್ದೆ.

ಮಸೂರಕ್ಕೂ ಗಾಜಿಗೂ ನಡುವೆ ಹಾರ್ಮೋನಿಯಮ್ಮಿನ ಹಾಗೆ ಮಡಿಕೆ ಮಡಿಕೆಯಾಗಿ ಹಿಗ್ಗುವ ಚರ್ಮದ ತಿದಿ ಇದೆ. ಅದರ ಮಡಿಕೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದವು. ಕುಮಟೆಯಲ್ಲಿ ಅದನ್ನು ಸರಿಮಾಡುವವರು ಯಾರಿದ್ದಾರೆ? ಕೊಡೆ ರಿಪೇರಿಯ ಸುಬ್ರಾಯನ ಹತ್ತಿರ ಒಯ್ದೆ. ಅವನು ಒಳಗೆ ಬ್ಯಾಟರಿ ಹಚ್ಚಿಟ್ಟು, ಬೆಳಕು ಕಂಡಲ್ಲೆಲ್ಲ ಹಳೇ ಕೊಡೆಯ ಬಟ್ಟೆ ಅಂಟಿಸಿ, "ಇನ್ನು ಎಂಥಾ ಮಳೆ ಬಂದ್ರೂ ಒಂದು ಹನಿ ಒಳಗೆ ಹೋಗುದಿಲ್ಲ" ಎಂದು ಭರವಸೆ ಕೊಟ್ಟ. ಮಳೆಯಲ್ಲ ಮಾರಾಯ, ಬೆಳಕು ಎಂದೆ. ಮಳೆಯನ್ನೇ ತಡೆದ ಬಟ್ಟೆಗೆ ಬೆಳಕು ಯಾವ ಲೆಕ್ಕ ಎಂದ. ಅವನ ಮಾತು ನಿಜವಾಯಿತು. ಇವತ್ತಿಗೂ ಆ ತೇಪೆಗಳು ಬಿಟ್ಟಿಲ್ಲ.

ಇಷ್ಟಾದ ಮೇಲೆ ಫೋಟೋ ತೆಗೆಯುವುದೊಂದೇ ಬಾಕಿ. ಅಲ್ಲೇ ನನ್ನ ಬಣ್ಣ ಬಯಲಾದದ್ದು. ಕೈಗಡಿಯಾರ ನೋಡಿಕೊಂಡು, ಎರಡು ಸೆಕೆಂಡು ಲೆಕ್ಕ ಹಾಕಿ ಪೋಸ್ಟ್ ಮಾಸ್ತರರದ್ದು ತೆಗೆದೆ. ಬಚ್ಚಲುಮನೆಯ ಕಿಂಡಿಗೆ ಕಂಬಳಿ ಕಟ್ಟಿ, ಕತ್ತಲಲ್ಲಿ ಹಾಳೆ ತೊಳೆದು ನೋಡಿದರೆ ಅವರು ಆಕಳಿಸುತ್ತಿದ್ದರು. ಹೆಡ್ ಮಾಸ್ತರರು ಆ ಎರಡು ಸೆಕೆಂಡಿನಲ್ಲಿ ನೊಣ ಹೊಡೆದಿದ್ದರು. ಅವರಿಗೆ ಮೂರು ಕೈ ಬಂತು. ನಾನು ಯಾವುದನ್ನೂ ಕಂಡಿರಲಿಲ್ಲ. ಕಾಣುವುದು ಹೇಗೆ? ನನ್ನ ಕಣ್ಣು ಮುಳ್ಳಿನ ಮೇಲಿತ್ತು. ಗಡಿಯಾರ ಬಿಟ್ಟು ಬಾಯಲ್ಲೇ ಎಣಿಸೋಣವೆಂದರೆ, 'ಶ್ರೀ ಗಣೇಶಾಯ ನಮಃ' ಗಿಡ್ಡವಾಯಿತು. ಹೆಂಡತಿ ಕಾಡಿಗೆಯ ಹಾಗೆ ಕಪ್ಪು ಬಂದಳು. ಒಂದು ಇಡೀ ಶ್ಲೋಕ ಹೇಳಿದೆ; ಹಿಟ್ಟಿನಲ್ಲಿ ಹೊರಳಿದಂತೆ ಬಿಳಿ ಬಂದಳು. ಮೂರನೆಯ ಸಲ ಕೂರಲು ಒಪ್ಪಲಿಲ್ಲ.

ಮಾತಿನಿಂದ ಹೊತ್ತು ಅಳೆಯುವುದು ಸಾಹೇಬರ ಹೊಸ ಉಪಾಯವೇನಲ್ಲ ಎಂದು ನನಗೆ ಆಗ ಹೊಳೆಯಿತು. ನಮ್ಮ ಹಿರಿಯರು ಕಾಲವನ್ನು ಅಳೆಯಲು ಹೊರಟಾಗ ಹಿಡಿದುಕೊಂಡದ್ದು ಮೈಯನ್ನೇ. ರೆಪ್ಪೆ ಮುಚ್ಚಿ ತೆರೆಯುವಷ್ಟು ಹೊತ್ತು ಅವರಿಗೆ ನಿಮಿಷ. ಛಂದಸ್ಸಿನವರು ಗಿಡ್ಡ ಅಕ್ಷರವೊಂದನ್ನು ನುಡಿಯುವಷ್ಟು ಹೊತ್ತನ್ನು ಮಾತ್ರೆ ಎಂದರು. ದೇವತೆಗಳಿಗೆ ಅನಿಮಿಷರು ಎಂಬ ಹೆಸರು, ರೆಪ್ಪೆ ಬಡಿಯದವರು. ಫೋಟೋ ತೆಗೆಯುವವನಿಗೆ ಅಂಥ ಗಿರಾಕಿಗಳೇ ಬೇಕು, ಆದರೆ ಅವರು ಕುಮಟೆಯ ಕಡೆ ಬರುವುದು ಅಪರೂಪ. ನನ್ನ ತಾಯಿ ಕಷಾಯ ಕುದಿಸುವಾಗ ಒಂದು ಹಾಡು ಹೇಳುತ್ತಿದ್ದಳು. ಹಾಡು ಮುಗಿದರೆ ಕಷಾಯ ಆಯಿತು. ಗಡಿಯಾರ ನೋಡಲು ಅವಳು ಒಲೆ ಬಿಟ್ಟು ಏಳಬೇಕಾಗುತ್ತಿರಲಿಲ್ಲ. ಹಾಡು ಬಾಯಲ್ಲಿ, ಕಣ್ಣು ಪಾತ್ರೆಯಲ್ಲಿ. ಇಷ್ಟು ಹತ್ತಿರದಲ್ಲಿದ್ದ ವಿದ್ಯೆಯನ್ನು ಮರೆತು ನಾನು ಮುಳ್ಳು ನೋಡುತ್ತ ನಿಂತಿದ್ದೆ.

ಹಾಗಾದರೆ ಸಾಹೇಬರ ಮಾತನ್ನೇ ಹೇಳಬಹುದಿತ್ತಲ್ಲ? ಹೇಳಬಹುದಿತ್ತು. ಆದರೆ ನನಗೊಂದು ಅಳುಕು. ಇನ್ನೊಬ್ಬರ ದೇವರ ಹೆಸರನ್ನು ನನ್ನ ಬಚ್ಚಲುಮನೆಯ ವಿದ್ಯೆಗೆ ಎಣಿಕೆಯಾಗಿ ಬಳಸುವುದು ಉದ್ಧಟತನವಾಗದೇ ಎಂದು. ಪೋಸ್ಟ್ ಕಾರ್ಡು ಬರೆದು ಕೇಳಿದೆ. ಅಳಿಯನ ಕೈಯಲ್ಲಿ ಬರೆಸಿದ ಉತ್ತರ ಬಂತು: 'ಕೆಲಸ ಶುರು ಮಾಡುವಾಗ ಹೇಳುವ ಮಾತು ಅದು. ನಿಮ್ಮದು ಕೆಲಸ ಹೌದಾದರೆ ಹೇಳಿ. ಬಾಯಿ ಎಣಿಸಲಿ, ಕಣ್ಣು ಕೂತವರ ಮೇಲೆ ಇರಲಿ. ಕಣ್ಣಿನ ಪೊರೆ ಹೆಚ್ಚಾಗಿದೆ. ಸರಿ ಬಂದದ್ದು ಯಾವಾಗ ತರುತ್ತೀರಿ?'

ಆ ಹೊತ್ತಿಗೆ ಡಬ್ಬಿಯಲ್ಲಿ ಎರಡೇ ಹಾಳೆ ಉಳಿದಿದ್ದವು.

ನಮ್ಮ ಮನೆಗೆ ಹರಿವೆ, ಬಸಳೆ, ಸೌತೆ ತಂದು ಕೊಡುತ್ತಿದ್ದವಳು ಹತ್ತಿರದ ಹಳ್ಳಿ ಕಾಗಾಲದ ನಾಗಮ್ಮ. ಅವಳು ಜಗಲಿಯಲ್ಲಿ ಬುಟ್ಟಿ ಇಳಿಸಿ, ಕರಿಬಟ್ಟೆಯ ಕಡೆ ಎಷ್ಟೋ ದಿನ ನೋಡಿ ಹೋಗುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು.

"ಮಾಸ್ತರೇ, ನಮ್ಮ ಆಯಿದೊಂದು ಪಟ ತೆಗೂಕೆ ಆಗ್ತದ್ಯಾ?"

ಅವಳ ತಾಯಿ ಹೊನ್ನಜ್ಜಿ ಆ ಸುತ್ತಿನ ಊರುಗಳಿಗೆಲ್ಲ ಹಾಡಿನ ಅಜ್ಜಿ. ಗದ್ದೆಯ ನಟ್ಟಿಯಿರಲಿ, ಮದುವೆಯಿರಲಿ, ಪದ ಎತ್ತಿಕೊಡಲು ಅವಳೇ ಬೇಕು. ಆದರೆ ವಯಸ್ಸಾದ ಮೇಲೆ ಅವಳ ತಲೆ ಸದಾ ಅಲ್ಲಾಡುತ್ತಿತ್ತು, ಯಾರೋ ಕೇಳಿದ್ದಕ್ಕೆಲ್ಲ ಬೇಡ ಬೇಡ ಎನ್ನುವ ಹಾಗೆ. ಎರಡು ಸಲ ಪೇಟೆಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದರಂತೆ. ಎರಡು ಸಲವೂ ಮೈ ಬಂದಿತ್ತು, ಮುಖದ ಜಾಗದಲ್ಲಿ ಹೊಗೆ ಬಂದಿತ್ತು. ಅಲ್ಲಾಡಬೇಡಿ ಅಜ್ಜಿ ಎಂದು ಅಲ್ಲಿಯವನು ಗದರಿದ್ದೂ ಆಯಿತು. ತನ್ನ ಮುಖ ಪಟಕ್ಕೆ ಅಂಟುವ ಜಾತಿಯದಲ್ಲ ಎಂದು ಅಜ್ಜಿ ತೀರ್ಮಾನ ಮಾಡಿ ಕೂತಿದ್ದಳು.

"ಮನೆ ಗೋಡೆ ಮೇಲೆ ಅಪ್ಪನ ಪಟ ಅದೆ ಮಾಸ್ತರೇ. ಆಯಿದು ಇಲ್ಲ," ಎಂದಳು ನಾಗಮ್ಮ. "ನಾಳೆ ಅವಳು ಹೋದ್ರೆ ಅಪ್ಪ ಒಬ್ನೇ ನೇತಾಡ್ತಾ ಇರ್ತ. ನನ್ನ ಮೊಮ್ಮಕ್ಕಳಿಗೆ ಎಂತ ತೋರ್ಸುದು? ಹೊಗೆ ತೋರ್ಸುದಾ?"

ಸ್ಟುಡಿಯೋದ ಕ್ಯಾಮೆರಾ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದ್ದೇ ಹೊಗೆಯಾಗಿದ್ದರೆ, ಜಗಲಿಯ ನೆರಳಿನಲ್ಲಿ ಒಂದು ಪೂರ್ತಿ ಬಿಸ್ಮಿಲ್ಲಾ ಬೇಡುವ ನನ್ನದರ ಪಾಡೇನು? ಆಗುವುದಿಲ್ಲ ಎಂದು ಹೇಳಬೇಕಿತ್ತು. ಲಾಂಚಿನಲ್ಲಿ ಸೇತುವೆ ಕೊಟ್ಟವನು ಇಲ್ಲಿ ಪಟ ಕೊಡದೆ ಇರುತ್ತೇನೆಯೇ? ಭಾನುವಾರ ಬರುತ್ತೇನೆ ಎಂದೆ.

ಕಾಗಾಲದಲ್ಲಿ ಅಜ್ಜಿ ಜಗಲಿಯ ಕಂಬಕ್ಕೊರಗಿ ಕಾಯುತ್ತಿದ್ದಳು. ಕರಿಮಣಿಯ ಸರಗಳು ಎದೆ ತುಂಬ, ಎಣ್ಣೆ ಹಚ್ಚಿ ಬಾಚಿದ ತಲೆ, ಆ ತಲೆ ಬಿಡದೆ ಅಲ್ಲಾಡುತ್ತಿತ್ತು. "ನಾ ಸಾಯೂಕೆ ಮುಂಚೆನೇ ಗೋಡೆಗೆ ಮೊಳೆ ಹೊಡ್ದವ್ಳೆ ನನ್ ಮಗಳು" ಎಂದು ನನಗೆ ದೂರು ಹೇಳಿದಳು. ನಿಜ, ಗೋಡೆಯಲ್ಲಿ ಗಂಡನ ಪಟದ ಪಕ್ಕ ಒಂದು ಖಾಲಿ ಮೊಳೆ ಇತ್ತು. ಅದರ ಕಡೆ ನೋಡದೆ ನಾನು ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದೆ.

ಮೊದಲ ಹಾಳೆ ಹೋಯಿತು. ಅಜ್ಜಿ ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ತನ್ನೆಲ್ಲ ಶಕ್ತಿಯಿಂದ ಅಲ್ಲಾಡದಿರಲು ನೋಡಿದಳು. ಬಿಗಿದಷ್ಟೂ ತಲೆ ಜೋರಾಗಿ ಅಲುಗಿತು. ಮುಚ್ಚಳ ಮುಚ್ಚುವಾಗಲೇ ನನಗೆ ಗೊತ್ತಾಗಿತ್ತು, ಅವಳಿಗೂ ಗೊತ್ತಾಗಿತ್ತು. "ನಾ ಹೇಳ್ಲಿಲ್ವಾ" ಎಂದು ಮುಖ ತಿರುಗಿಸಿದಳು. ಆ ಮುಖ ತಿರುಗಿಸಿದ್ದು ನನಗೆ ಬಹಳ ನೋವು ಕೊಟ್ಟಿತು. ಮುದುಕಿಯನ್ನು ಮೂರನೆಯ ಸಲ ಅವಮಾನ ಮಾಡಿದವನು ನಾನಾದೆ.

ಏನಾದರೂ ಮಾಡಬೇಕಲ್ಲ, ಅಜ್ಜಿಯನ್ನು ಕರೆದು ಕರಿಬಟ್ಟೆಯೊಳಗೆ ನೋಡಲು ಹೇಳಿದೆ. ನಾಗಮ್ಮ ಮುಂದೆ ನಿಂತಳು. ಒಳಗಿನಿಂದ ಕಿಲಕಿಲ ನಗು ಬಂತು. "ಅಯ್ಯೋ, ಮಗಳ್ನ ಬಾವಲಿ ಮಾಡೀರಲ್ಲ ಮಾಸ್ತರೇ!" ನೆರೆಮನೆಯ ಹೆಂಗಸರಿಬ್ಬರು ಬಂದು ಅವರೂ ನೋಡಿದರು. ಎಲ್ಲರೂ ಎಲ್ಲರನ್ನೂ ಬಾವಲಿ ಮಾಡಿ ನಕ್ಕಾಯಿತು. ನಕ್ಕ ಮೇಲೆ ಅಜ್ಜಿ ಕಂಬಕ್ಕೊರಗಿ ತನ್ನಷ್ಟಕ್ಕೆ ಒಂದು ಪದ ಎತ್ತಿದಳು. ಹೊಳೆ ದಾಟಿ ಗಂಡನ ಮನೆಗೆ ಹೋಗುವ ಮಗಳ ಪದ. ಅವಳು ಒಂದು ಸೊಲ್ಲು ಹೇಳುವುದು, ನಾಗಮ್ಮ ಮತ್ತು ಆ ಇಬ್ಬರು ಅದೇ ಸೊಲ್ಲನ್ನು ಎತ್ತಿಕೊಂಡು ತಿರುಗಿ ಹೇಳುವುದು. ಅಲ್ಲಿಯ ಹಾಡುಗಳ ರೀತಿಯೇ ಅದು.

ನಾನು ಬಟ್ಟೆಯೊಳಗೆ ತಲೆ ಹಾಕಿ ಸುಮ್ಮನೆ ನೋಡುತ್ತಿದ್ದೆ. ಗಾಜಿನಲ್ಲಿ ತಲೆಕೆಳಗಾದ ಅಜ್ಜಿ. ಹಾಡುವಾಗ ತಲೆ ಅಲ್ಲಾಡುತ್ತಿತ್ತು. ಸೊಲ್ಲು ಮುಗಿಸಿ, ಉಳಿದವರು ಎತ್ತಿಕೊಂಡಾಗ, ಅಲುಗಾಟ ನಿಂತಿತು. ನನಗೆ ನಂಬಿಕೆ ಬರಲಿಲ್ಲ. ಮುಂದಿನ ಸೊಲ್ಲಿಗೆ ಕಾದೆ. ಮತ್ತೆ ಹಾಗೆಯೇ. ಬೇರೆಯವರು ಹೇಳುವುದನ್ನು ಅವಳು ಕೇಳುತ್ತಿದ್ದಳು. ಕೇಳುವಾಗ ಆ ತಲೆಗೆ ಬೇಡ ಎನ್ನುವ ಕೆಲಸ ಮರೆತುಹೋಗುತ್ತಿತ್ತು. ಆದರೆ ಅದು ತೀರ ಸ್ವಲ್ಪ ಹೊತ್ತು. ಮನಸ್ಸಿನಲ್ಲೇ ಎಣಿಸಿ ನೋಡಿದೆ. 'ಬಿಸ್ಮಿಲ್ಲಾ' ಎನ್ನುವಷ್ಟರಲ್ಲಿ ಮತ್ತೆ ಅಲುಗುತ್ತಿತ್ತು. ನನಗೆ ಪೂರ್ತಿ ಬೇಕಿತ್ತು.

ಕೊನೆಯ ಹಾಳೆಯನ್ನು ಹಾಕಿ, ಮುಚ್ಚಳದ ಮೇಲೆ ಕೈಯಿಟ್ಟು ಕ್ಯಾಮೆರಾದ ಪಕ್ಕ ನಿಂತೆ. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿದ್ದೆ. ಹಾಡು ಸಾಗುತ್ತಿತ್ತು. ಒಂದು ಸೊಲ್ಲು ಬಿಟ್ಟೆ, ಎರಡು ಬಿಟ್ಟೆ. ಮೂರನೆಯದನ್ನು ಅಜ್ಜಿ ಹೇಳಿ ನಿಲ್ಲಿಸಿದಳು, ಹೆಂಗಸರು ಎತ್ತಿಕೊಂಡರು, ಅಜ್ಜಿಯ ಹುಬ್ಬು ಒಂದಿಷ್ಟು ಮೇಲೆ ಹೋಯಿತು, ತಲೆ ಕಲ್ಲಿನ ಹಾಗೆ ನಿಂತಿತು. ಮುಚ್ಚಳ ತೆಗೆದೆ. ಬಿಸ್ಮಿಲ್ಲಾ, ಅವಳು ಕದಲಲಿಲ್ಲ. ಹಿರ್ರಹ್ಮಾನಿ, ಕದಲಲಿಲ್ಲ. ರ್ರಹೀಮ್, ಮುಚ್ಚಿದೆ.  ಇಷ್ಟು ಹೊತ್ತು ಹೇಗೆ ನಿಂತಳು ಎಂಬುದು ನನಗೆ ತಿಳಿಯಲಿಲ್ಲ. ದೇವರು ದೊಡ್ಡವನು, ಯಾವ ಹೆಸರಿನವನಾದರೂ ಸರಿ ಎಂದುಕೊಂಡೆ.

ಬಚ್ಚಲಿನ ಕತ್ತಲಿನಿಂದ ಹಾಳೆಯನ್ನು ಹೊರಗೆ ತಂದು ಬೆಳಕಿಗೆ ಹಿಡಿದಾಗ ನಾನು ಹೆಂಡತಿಯನ್ನು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಬಂದರು. ಕರಿಮಣಿಯ ಒಂದೊಂದು ಮಣಿ, ಹಣೆಯ ಒಂದೊಂದು ಗೆರೆ ಬಂದಿತ್ತು. ಎರಡು ಪ್ರತಿ ಮಾಡಿದೆ. ಮಾತು ಕೊಟ್ಟಿದ್ದೆನಲ್ಲ, ಮೊದಲನೆಯದನ್ನು ಹಿಡಿದುಕೊಂಡು ಭಟ್ಕಳಕ್ಕೆ ಹೋದೆ.

ಸಾಹೇಬರು ಕಿಟಕಿಯ ಹತ್ತಿರ ನಿಂತು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು, ವಾರೆ ಮಾಡಿದರು, ಮತ್ತೆ ನೆಟ್ಟಗೆ ಮಾಡಿದರು.  ಕಾಣುತ್ತಿಲ್ಲವೇನೋ, ತಡಮಾಡಿಬಿಟ್ಟೆನೇನೋ ಎಂದುಕೊಂಡೆ.

"ಈ ಅಮ್ಮ ಎಂತ ಕೇಳ್ತಾ ಇದ್ದಾರೆ?" ಎಂದರು ಕೊನೆಗೆ.

ಅವರಿಗೆ ನಾನು ಹಾಡಿನ ವಿಷಯ ಹೇಳಿರಲೇ ಇಲ್ಲ. ಹೇಳಿದೆ. ಅವರು ತಲೆಯಾಡಿಸಿ, "ಹಾಗಾದ್ರೆ ಮುಂದಿನ ಸೊಲ್ಲು ಇವರ ಬಾಯಲ್ಲಿ ಉಂಟು" ಎಂದರು. "ಎಷ್ಟು ಹೊತ್ತು ಇಟ್ರಿ?"

"ಒಂದು ಪೂರ್ತಿ."

ಅವರು ಫೋಟೋವನ್ನು ಎದೆಗೆ ಹಿಡಿದುಕೊಂಡರು. ವಾಪಸು ಕೊಡುವ ಮಾತೇ ಬರಲಿಲ್ಲ, ನಾನೂ ಕೇಳಲಿಲ್ಲ. ಬಂದ ಕೆಲಸ ಧನ್ಯವಾದ ಹೇಳುವುದಾಗಿತ್ತು. ನಾನು ಹೇಳಿದ್ದು, ಟೊಪ್ಪಿಯ ದಾರ ಹೊಲಿಸಿದ್ದೀರಿ ಎಂದು.

ಎರಡನೆಯ ಪ್ರತಿಗೆ ಚೌಕಟ್ಟು ಹಾಕಿಸಿ ಕಾಗಾಲಕ್ಕೆ ಒಯ್ದೆ. ನಾಗಮ್ಮ ನೋಡಿದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊನ್ನಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಅಲ್ಲಾಡಿಸುತ್ತಲೇ, ಅಲ್ಲಾಡದ ತನ್ನನ್ನು ನೋಡಿದಳು. ಮೆಲ್ಲಗೆ ಬೆರಳಿನಿಂದ ಹುಬ್ಬಿನ ಮೇಲೆ ಸವರಿದಳು. ನನಗೆ ಹೆಮ್ಮೆ ತಡೆಯಲಿಲ್ಲ. ಹೇಗಿದೆ ಅಜ್ಜಿ ಎಂದೆ.

"ಚಲೋ ಬಂದದೆ," ಎಂದಳು. "ಇದು ನಾಗಿ ತಪ್ಪಿದ ಸೊಲ್ಲು."

"ಎಂತದು?"

"ಆವತ್ತು ಇವಳು ಒಂದು ಮಾತು ಬಿಟ್ಟು ಹೇಳಿದ್ಲು. ಹೊಳೆ ದಾಟುದು ಹೇಳ್ದೆ ದಡ ಹತ್ಸಿಬಿಟ್ಲು ಮಗಳ್ನ. ಈಗ ಸರಿ ಮಾಡ್ಕಂತಾಳೆ, ಈಗ ಮಾಡ್ಕಂತಾಳೆ ಅಂತ ನಾ ಕಾದೆ. ಅದ್ಕೇ ಮೊಕ ಹಾಂಗೆ."

"ಸರಿ ಮಾಡಿದ್ಲಾ?" ಎಂದು ಕೇಳಿದೆ.

"ಮಾಡಿದ್ಲು. ಹಿಂದೆ ಹೋಗಿ ಹೊಳೆ ದಾಟ್ಸೇ ಕರ್ಕಂಡು ಬಂದ್ಲು." ಮಗಳ ಕಡೆ ನೋಡಿ ನಕ್ಕಳು. "ನಾ ಬಾಯಿ ಹಾಕಿದ್ರೆ ಕೆಡ್ತಿತ್ತು."

ಮುಚ್ಚಳ ತೆಗೆದಿದ್ದ ಅಷ್ಟೂ ಹೊತ್ತು ಆ ಮುದುಕಿ ಕಾಯುತ್ತಿದ್ದಳು. ಮಗಳು ಬಿಟ್ಟ ಮಾತಿಗಾಗಿ. ತಪ್ಪದೆ ಹಾಡಿದ್ದರೆ ಎಂದಿನಂತೆ 'ಬಿಸ್ಮಿಲ್ಲಾ'ಕ್ಕೇ ತಲೆ ಅಲುಗಿ, ಗೋಡೆಯ ಮೇಲೆ ಇನ್ನೊಂದು ಹೊಗೆ ನೇತಾಡುತ್ತಿತ್ತು. ಈಗ ಅಜ್ಜಿಯೂ ಇಲ್ಲ, ಗಫೂರ್ ಸಾಹೇಬರೂ ಇಲ್ಲ. ಖಾಲಿ ಮೊಳೆ ಖಾಲಿ ಇಲ್ಲ. ನಾಗಮ್ಮನ ಮೊಮ್ಮಕ್ಕಳಿಗೆ ಮುತ್ತಜ್ಜಿಯ ಮುಖ ಗೊತ್ತಿದೆ, ಮುತ್ತಜ್ಜ ಒಬ್ಬನೇ ನೇತಾಡುತ್ತಿಲ್ಲ. ಆ ಅಳತೆಯ ಹಾಳೆ ಎಲ್ಲೂ ಸಿಗದೆ ನನ್ನ ಕ್ಯಾಮೆರಾ ಮೂಲೆಯಲ್ಲಿ ಕರಿಬಟ್ಟೆ ಹೊದ್ದು ಕೂತಿದೆ. ಅದು ಒಂದು ಕೆಲಸ ಮಾಡಿ ವಿಶ್ರಾಂತಿ ಪಡೆಯುತ್ತಿದೆ ಎಂದು ನಾನು ಹೇಳುತ್ತೇನೆ. ಜಾಗ ಹಿಡಿದಿದೆ ಎಂದು ಹೆಂಡತಿ ಹೇಳುತ್ತಾಳೆ. ಆದರೆ ಧೂಳು ಹೊಡೆಯುವವಳು ಅವಳೇ.

ನನಗೆ ಮಾತ್ರ ಒಂದು ಅಭ್ಯಾಸ ಉಳಿದುಬಿಟ್ಟಿದೆ. ತರಗತಿಯಲ್ಲಿ ಮಕ್ಕಳು ಪದ್ಯ ಓದುವಾಗ ತಪ್ಪುತ್ತಾರೆ. ಮೊದಲಾದರೆ ತಪ್ಪು ಬಾಯಿಂದ ಬೀಳುವುದೇ ತಡ, ನಾನು ಮೇಲೆ ಬೀಳುತ್ತಿದ್ದೆ. ಅದಕ್ಕೆ ಹೆಸರುವಾಸಿಯೂ ಆಗಿದ್ದೆ. ಈಗ ಬಾಯಿ ಮುಚ್ಚಿ, ಕಣ್ಣು ಆ ಮಗುವಿನ ಮೇಲಿಟ್ಟು, ಮನಸ್ಸಿನಲ್ಲೇ ಒಂದು ಪೂರ್ತಿ ಹೇಳುತ್ತೇನೆ. ಎಷ್ಟೋ ಸಲ ಅಷ್ಟರಲ್ಲಿ ಮಗು ತಾನೇ ತಡೆದು, ಹಿಂದೆ ಹೋಗಿ, ಬಿಟ್ಟ ಮಾತನ್ನು ಕರೆದುಕೊಂಡು ಬರುತ್ತದೆ. ಆ ಹೊತ್ತಿನಲ್ಲಿ ನನ್ನ ಮುಖ ಹೇಗೆ ಕಾಣುತ್ತದೋ ನನಗೆ ಗೊತ್ತಿಲ್ಲ. ಕಾಗಾಲದ ಗೋಡೆಯ ಮೇಲಿರುವ ಮುಖದ ಹಾಗೆ ಕಂಡರೆ ಸಾಕು.